315 ಕೋಟಿ ಎಲ್ಲಿಗ್ ಹೋಯ್ತ್?

ಯುಪಿಐಯಲ್ಲಿ ದುಡ್ಡು ಕಳಿಸಿದ್ದೀರಿ. ನಿಮ್ಮ ಖಾತೆಯಿಂದ ಕಟ್ ಆಗಿದೆ. ಆದರೆ ಅಂಗಡಿಯವರ ಮೇಜಿನ ಮೇಲಿರುವ ಡಬ್ಬಿ ಏನೂ ಹೇಳುತ್ತಿಲ್ಲ. ಅವರು ನಿಮ್ಮ ಮುಖ ನೋಡ್ತಾರೆ, ನೀವು ಫೋನ್ ನೋಡ್ತೀರಿ. ದುಡ್ಡು ಹೊರಟದ್ದೂ ನಿಜ, ತಲುಪದೇ ಇದ್ದದ್ದೂ ನಿಜ. ಹಾಗಾದ್ರೆ ನಡುವೆ ಎಲ್ಲಿದೆ? ಈ ಪ್ರಶ್ನೆಯನ್ನೇ ದಿನಾ ಕೇಳಿಕೊಂಡು ಸಂಬಳ ತಗೊಳ್ಳುವವರಲ್ಲಿ ನಾನೂ ಒಬ್ಬ.

ನನ್ನ ಕೆಲಸದಲ್ಲಿ ಕಾಣೆಯಾಗುವುದು ದುಡ್ಡಲ್ಲ, ಪ್ಯಾಕೆಟ್. ನೀವು ನೋಡುವ ರೀಲ್ಸ್, ಅಮ್ಮನಿಗೆ ಮಾಡುವ ವಿಡಿಯೊ ಕಾಲ್, ಆಫೀಸಿನ ಮೀಟಿಂಗ್ ಎಲ್ಲವೂ ನೆಟ್‌ವರ್ಕ್‌ನಲ್ಲಿ ಸಣ್ಣ ಸಣ್ಣ ಕಟ್ಟುಗಳಾಗಿ ಓಡುತ್ತವೆ. ಆ ಕಟ್ಟುಗಳನ್ನು ಒಂದು ಕಡೆಯಿಂದ ತೆಗೆದುಕೊಂಡು, ನೋಡಿ, ಸರಿಯಾದ ಕಡೆಗೆ ದಾಟಿಸುವ ಸಾಫ್ಟ್‌ವೇರ್ ಬರೆಯುವುದು ನಮ್ಮ ತಂಡದ ಕೆಲಸ. ಬರೆದದ್ದು ತಡೆದುಕೊಳ್ಳುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ನನ್ನ ಪಾಲಿಗೆ ಬಂದದ್ದು.

ವೇಗದ ಅಂದಾಜು ಸಿಗಬೇಕಾದರೆ ಒಂದು ಲೆಕ್ಕ ಹೇಳ್ತೇನೆ. 10 ಗಿಗಾಬಿಟ್ ಕೇಬಲ್ ಇಂದಿಗೆ ಏನೂ ದೊಡ್ಡದಲ್ಲ. ಅದರಲ್ಲಿ ಅತಿ ಸಣ್ಣ ಪ್ಯಾಕೆಟ್, ಅಂದರೆ 64 ಬೈಟಿನದ್ದು, ಒಂದರ ಹಿಂದೆ ಒಂದು ಬಂದರೆ ಸೆಕೆಂಡಿಗೆ 1 ಕೋಟಿ 48 ಲಕ್ಷದ 80 ಸಾವಿರ ಚಿಲ್ಲರೆ ಆಗುತ್ತದೆ. ಒಂದಕ್ಕೆ ಸಿಗುವ ಸಮಯ 67.2 ನ್ಯಾನೊಸೆಕೆಂಡ್. 3 ಗಿಗಾಹರ್ಟ್ಸ್ ಪ್ರೊಸೆಸರ್ ಅಷ್ಟರಲ್ಲಿ 200 ಸಲ ಮಿಡಿಯುತ್ತದೆ, ಅಷ್ಟೇ. ಆ 200 ಮಿಡಿತದೊಳಗೆ ಪ್ಯಾಕೆಟ್ ತೆಗೆದು, ಓದಿ, ಹುಡುಕಿ, ಕಳಿಸಿ ಮುಗಿಸಬೇಕು.

ಸಾಮಾನ್ಯ ಲಿನಕ್ಸ್ ಈ ಅವಸರಕ್ಕೆ ಒಗ್ಗುವುದಿಲ್ಲ. ಅದು ಬೆಲ್ ಆದ ಮೇಲೆ ಎದ್ದು ಹೋಗಿ ಬಾಗಿಲು ತೆಗೆಯುವ ಸಂಭಾವಿತ ಮನೆ. ನಮ್ಮಂಥವರು ಬಳಸುವ ಡಿಪಿಡಿಕೆ ಎಂಬ ಸಲಕರಣೆ ಬಾಗಿಲಲ್ಲೇ ನಿಂತು "ಬಂತಾ? ಬಂತಾ?" ಎಂದು ಬಿಡುವಿಲ್ಲದೆ ಕೇಳುತ್ತಿರುತ್ತದೆ. ಇಂಟೆಲ್‌ನಲ್ಲಿ ಹುಟ್ಟಿ, 2017ರಲ್ಲಿ ಲಿನಕ್ಸ್ ಫೌಂಡೇಶನ್ ಕೈಗೆ ಬಂದದ್ದು. ಇದರ ಸಮ್ಮೇಳನ 2018ರಲ್ಲಿ ಬೆಂಗಳೂರಿನಲ್ಲೂ ಆಗಿತ್ತು. ಮನೆಯಲ್ಲಿ "ನಿಂದೆಂತ ಕೆಲ್ಸ?" ಎಂದು ಕೇಳಿದಾಗ ನಾನು ಇದ್ಯಾವುದನ್ನೂ ಹೇಳುವುದಿಲ್ಲ. "ಕಂಪ್ಯೂಟರ್" ಅಂತೇನೆ. ಅಲ್ಲಿಗೆ ಮುಗೀತು.

ಕಳೆದ ಜುಲೈಯಲ್ಲಿ ನಾನು ಮರವಂತೆಯಲ್ಲಿದ್ದೆ. ಅಪ್ಪಯ್ಯನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ತಿಂಗಳು ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತ್ತು. ಮರವಂತೆ ನಿಮಗೆ ಫೋಟೊದಲ್ಲಾದರೂ ಗೊತ್ತಿರುತ್ತದೆ: ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಫೋಟೊದಲ್ಲಿ ಗೊತ್ತಾಗದ ವಿಷಯ ಏನೆಂದರೆ, ಕಡಲಿನ ಇಷ್ಟು ಹತ್ತಿರ ಬಂದರೂ ಹೊಳೆ ಇಲ್ಲಿ ಕಡಲು ಸೇರುವುದಿಲ್ಲ. ಒಂದು ರಸ್ತೆಯಷ್ಟೇ ಅಡ್ಡ. ಅದು ಹಾಗೇ ತಿರುಗಿ ತೆಂಕಕ್ಕೆ ಹೋಗಿ ಗಂಗೊಳ್ಳಿಯಲ್ಲಿ ಸೇರುತ್ತದೆ. ಮಳೆಗಾಲದಲ್ಲಿ ಪ್ರವಾಸಿಗಳು ಕಡಿಮೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ರಜೆ. ಹಾಗಾಗಿ ಊರಿನಲ್ಲಿ ಉಳಿಯುವುದು ಕಡಲಿನ ಶಬ್ದ, ಒಣಮೀನಿನ ಚಟ್ನಿ ಮತ್ತು ಆಗಾಗ ಹೋಗುವ ಕರೆಂಟ್.

ನನ್ನ ಪರೀಕ್ಷೆಯ ಯಂತ್ರಗಳಿದ್ದದ್ದು ಬೆಂಗಳೂರಿನ ಲ್ಯಾಬಿನಲ್ಲಿ. ಒಂದು ಸರ್ವರ್ ಪ್ಯಾಕೆಟ್ ಹುಟ್ಟಿಸಿ ಕಳಿಸುತ್ತದೆ. ಇನ್ನೊಂದರಲ್ಲಿ ನಮ್ಮ ಸಾಫ್ಟ್‌ವೇರ್ ಇರುತ್ತದೆ. ಒಂದು ಪೋರ್ಟ್‌ನಲ್ಲಿ ಬಂದದ್ದನ್ನು ಮತ್ತೊಂದು ಪೋರ್ಟ್‌ನಿಂದ ಹಿಂದಕ್ಕೆ ಕಳಿಸುತ್ತದೆ. ಹೋದದ್ದೆಷ್ಟು, ಮರಳಿದ್ದೆಷ್ಟು ಎಂದು ತಾಳೆ ನೋಡಿದರಾಯಿತು. ಇಂಥ ಪರೀಕ್ಷೆ ಹೇಗೆ ಮಾಡಬೇಕು ಎಂಬುದಕ್ಕೆ 1999ರ ಆರ್‌ಎಫ್‌ಸಿ 2544 ಎಂಬ ದಾಖಲೆ ಇದೆ. ಪ್ರತಿ ಓಟ ಕನಿಷ್ಠ 60 ಸೆಕೆಂಡ್ ಇರಬೇಕು ಎನ್ನುತ್ತದೆ ಅದು. ನಾವು 60 ಸೆಕೆಂಡಿನದ್ದೂ ಮಾಡುತ್ತೇವೆ, ಬಿಡುಗಡೆಗೆ ಮುಂಚೆ 10 ನಿಮಿಷದ್ದೂ ಮಾಡುತ್ತೇವೆ.

ಹೊಸ ಬಿಲ್ಡ್ 60 ಸೆಕೆಂಡಿನ ಎಲ್ಲ ಪರೀಕ್ಷೆಗಳನ್ನೂ ಪಾಸಾಯಿತು. 10 ನಿಮಿಷದ್ದರಲ್ಲಿ ಬಿದ್ದಿತು. ಬಿದ್ದದ್ದೂ ಅಂತಿಂಥ ಬೀಳಲ್ಲ. ಸೆಕೆಂಡಿಗೆ 1 ಕೋಟಿಯಂತೆ 600 ಕೋಟಿ ಪ್ಯಾಕೆಟ್ ಕಳಿಸಿದ್ದೆ. ಮರಳಿದ್ದು ಸುಮಾರು 285 ಕೋಟಿ. ಗ್ರಾಫ್ ಎಳೆದರೆ ಸುಮಾರು ಐದು ನಿಮಿಷ ಗೆರೆ ದಾರ ಕಟ್ಟಿದ ಹಾಗೆ ನೇರ. ಆಮೇಲೆ ಕಡಲಕೊರೆತಕ್ಕೆ ರಸ್ತೆ ಕುಸಿದ ಹಾಗೆ ಒಂದೇ ಸಲ ಕೆಳಗೆ. ತಳದಲ್ಲಿ ಒಂದಿಷ್ಟು ಹನಿ ಮಾತ್ರ.

ಐದು ನಿಮಿಷ ಎಂದ ತಕ್ಷಣ ನನಗೆ ಉತ್ತರ ಸಿಕ್ಕಿಬಿಟ್ಟಿತು.

ನಮ್ಮ ತಂಡಕ್ಕೆ ಹೊಸದಾಗಿ ಸೇರಿದವಳು, ಹಾವೇರಿ ಕಡೆಯವಳು, ಆ ಬಿಲ್ಡ್‌ಗೆ ಒಂದು ಬದಲಾವಣೆ ಬರೆದಿದ್ದಳು. ಯಾರು ಯಾರ ಜತೆ ಮಾತಾಡುತ್ತಿದ್ದಾರೆ ಎಂದು ನೆನಪಿಟ್ಟುಕೊಳ್ಳುವ ಒಂದು ಪಟ್ಟಿ ಇರುತ್ತದೆ, ಫ್ಲೋ ಟೇಬಲ್ ಅಂತ. 300 ಸೆಕೆಂಡ್ ಸದ್ದಿಲ್ಲದ ಫ್ಲೋಗಳನ್ನು ಪಟ್ಟಿಯಿಂದ ತೆಗೆಯುವ ಕೋಡ್ ಅವಳದ್ದು. ಪಟ್ಟಿಯಲ್ಲಿ ಇಲ್ಲದ ಪ್ಯಾಕೆಟ್ ನಿಧಾನದ ದಾರಿಗೆ ಹೋಗುತ್ತದೆ, ಅಲ್ಲಿ ಕೆಲವಷ್ಟೇ ದಾಟುತ್ತವೆ. ತಳದ ಹನಿಗೂ ಇದೇ ಕಾರಣ ಇರಬೇಕಲ್ಲ! ಸದ್ದು ಮಾಡುತ್ತಿರುವ ಫ್ಲೋಗಳನ್ನೂ ಇವಳ ಕೋಡ್ ತೆಗೆದು ಹಾಕುತ್ತಿದೆ, ಟೈಮ್ ನವೀಕರಿಸುವುದನ್ನು ಎಲ್ಲೋ ಮರೆತಿದ್ದಾಳೆ. ಎಲ್ಲವೂ ಎಷ್ಟು ಚೆನ್ನಾಗಿ ಕೂತಿತೆಂದರೆ, ನಾನು ಅವಳ ಕೋಡ್ ಓದಲೂ ಇಲ್ಲ.

ಹಾಗಂತ ಏನೂ ನೋಡಲಿಲ್ಲ ಎಂದಲ್ಲ. ನೆಟ್‌ವರ್ಕ್ ಕಾರ್ಡ್ ಕೆಲವು ಲೆಕ್ಕ ಇಟ್ಟಿರುತ್ತದೆ. ಬಂದರೂ ಇಡಲು ಜಾಗವಿಲ್ಲದೆ ಬಿಟ್ಟದ್ದು, ಕೆಟ್ಟು ಬಂದದ್ದು, ಮೆಮೊರಿ ಸಿಗದೆ ಹೋದದ್ದು. ಮೂರೂ ಸೊನ್ನೆ. ಕಾರ್ಡ್ ಏನನ್ನೂ ಕಳೆದಿಲ್ಲ, ಅಂದಮೇಲೆ ಕಳೆದದ್ದು ಕೋಡ್. ಶುಕ್ರವಾರ ಬೆಳಿಗ್ಗೆ ತಂಡದ ಗ್ರೂಪಿಗೆ ಬರೆದೆ: ಹೊಸ ಫ್ಲೋ ಕೋಡ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸುತ್ತಿದೆ, ಸೋಮವಾರದ ಬಿಡುಗಡೆಯಿಂದ ಇದನ್ನು ತೆಗೆಯುವುದು ಒಳ್ಳೆಯದು.

ಹನ್ನೊಂದಕ್ಕೆ ಕಾಲ್ ಇತ್ತು. ಮ್ಯಾನೇಜರ್ ಇದ್ದರು, ಇನ್ನೂ ಆರು ಜನ ಇದ್ದರು. ಅವಳು ಎರಡು ಮಾತು ಹೇಳಲು ನೋಡಿದಳು. ನಮ್ಮ ಆಫೀಸಿನಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ, ಅವಳಿಗಿನ್ನೂ ಬಾಯಿಗೆ ಬಂದಿರಲಿಲ್ಲ.

"ಸರ್, ಅದು 300ಕ್ಕ ಬೀಳವಲ್ದು. 280ಕ್ಕ ಬೀಳಾಕತ್ತೈತಿ."

"ಅದೇ, ಐದು ನಿಮಿಷದ ಹತ್ತಿರ" ಅಂದೆ.

"ಹತ್ತಿರ ಅಲ್ಲ ಸರ್. ಮೂರ್ ಸಲ ನೋಡೀನಿ. ಮೂರೂ ಸಲ 280."

"ಇಪ್ಪತ್ತು ಸೆಕೆಂಡ್ ಹಿಂದೆ ಮುಂದೆ ಆದ್ರೆ ನಿಮ್ಮ ಕೋಡ್ ಸರಿ ಆಗಲ್ಲ. ಮೊದಲು ಅದನ್ನ ಸರಿಯಾಗಿ ಓದಿ ನೋಡಿ." ದನಿ ಸ್ವಲ್ಪ ಏರಿತ್ತು. ಸ್ವಲ್ಪ ಅಲ್ಲ.

ಅವಳು ಮತ್ತೆ ಮಾತಾಡಲಿಲ್ಲ. ಅವಳ ಪ್ರೊಬೇಷನ್ ಆಗಸ್ಟ್‌ನಲ್ಲಿ ಮುಗಿಯುವುದಿತ್ತು. ಅದು ನನಗೆ ಗೊತ್ತಿತ್ತು ಎಂದು ಇಲ್ಲಿ ಒಪ್ಪಿಕೊಳ್ಳಬೇಕು.

ಮಧ್ಯಾಹ್ನ ಗಂಜಿಗೆ ಕೂತಾಗ ಅಪ್ಪಯ್ಯ ಕಪ್ಪು ಕನ್ನಡಕದಲ್ಲಿ ನನ್ನ ಕಡೆ ತಿರುಗಿದರು. ಆಪರೇಷನ್ ಆದಾಗಿನಿಂದ ಅವರಿಗೆ ಪೇಪರ್ ಇಲ್ಲ, ಟಿವಿ ಇಲ್ಲ. ಹಾಗಾಗಿ ನನ್ನ ಮೀಟಿಂಗ್‌ಗಳೇ ಅವರ ಧಾರಾವಾಹಿ.

"ಅದ್ ಯಾರ್ ಮಗಾ, ಆ ಹೆಣ್ಣ್?"

"ನಮ್ಮ ಟೀಮಿಂದ್."

"ಅಷ್ಟ್ ಜೋರ್ ಮಾಡುಕೆ ಅದೆಂತ ಮಾಡಿತ್ತ್?"

ನಾನು ಕೆಲಸದ ವಿಷಯ, ನಿಮಗೆ ಗೊತ್ತಾಗಲ್ಲ ಎಂಬ ಅರ್ಥದ ಏನೋ ಗೊಣಗಿದೆ. ಅವರು ಮುಂದೆ ಕೇಳಲಿಲ್ಲ. ಹಪ್ಪಳ ಮುರಿದು ಗಂಜಿಗೆ ಹಾಕಿಕೊಂಡರು. ಆದರೆ ಅಮ್ಮ ನನ್ನ ಮುಖ ನೋಡಿದ ರೀತಿಯಲ್ಲೇ ಗೊತ್ತಾಯಿತು, ಇಬ್ಬರಿಗೂ ನೆನಪಾದದ್ದು ಒಂದೇ ಅಂತ.

ಅಪ್ಪಯ್ಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕುಂದಾಪುರ-ಬೈಂದೂರು ಮಾರ್ಗ. ಹೆಮ್ಮಾಡಿ, ಮುಳ್ಳಿಕಟ್ಟೆ, ತ್ರಾಸಿ, ಮರವಂತೆ, ನಾವುಂದ ಎಂದು ಅವರು ಕೂಗುವ ರಾಗದಲ್ಲೇ ನಾನು ಊರುಗಳ ಹೆಸರು ಕಲಿತದ್ದು. ಆಗ ಟಿಕೆಟ್ ಮಷಿನ್ ಇರಲಿಲ್ಲ. ನಂಬರ್ ಹಾಕಿದ ಟಿಕೆಟ್ ಪುಸ್ತಕ. ಬೆಳಿಗ್ಗೆ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಎಂದು ಸಹಿ ಹಾಕಿ ತೆಗೆದುಕೊಳ್ಳುವುದು, ರಾತ್ರಿ ಉಳಿದದ್ದನ್ನು ಒಪ್ಪಿಸುವುದು. ನಡುವಿನದ್ದೆಲ್ಲ ಮಾರಿದ್ದು ಎಂದೇ ಲೆಕ್ಕ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಅವರ ಲೆಕ್ಕದಲ್ಲಿ ಹನ್ನೊಂದು ಟಿಕೆಟಿನ ದುಡ್ಡು ಕಡಿಮೆ ಬಂತು. ಬಸ್‌ಸ್ಟ್ಯಾಂಡಿನಲ್ಲಿ, ಡ್ರೈವರ್ ಕ್ಲೀನರ್‌ಗಳ ಎದುರು, ಮಾಲಕರು ಅವರಿಗೆ ಒಂದು ಮಾತು ಅಂದರು. ಅಪ್ಪಯ್ಯ ದುಡ್ಡು ಕಟ್ಟಿ ಮನೆಗೆ ಬಂದರು. ಎರಡು ತಿಂಗಳ ಮೇಲೆ ಇನ್ನೊಬ್ಬ ಕಂಡಕ್ಟರರ ಪುಸ್ತಕದಲ್ಲೂ ಹಾಗೇ ಆಯಿತು. ಅವರು ನಂಬರ್ ನಂಬರ್ ತಿರುವಿ ತೋರಿಸಿದರು: ಪುಸ್ತಕ ಹೊಲಿಯುವಾಗಲೇ ನಡುವಿನ ಕೆಲವು ಹಾಳೆ ಬಿಟ್ಟುಹೋಗಿತ್ತು. ಇಲ್ಲದ ಟಿಕೆಟನ್ನು ಮಾರುವುದು ಹೇಗೆ? ಅಪ್ಪಯ್ಯನ ದುಡ್ಡು ವಾಪಸ್ ಬಂತು, ಒಂದು ಕವರಿನಲ್ಲಿ, ಕ್ಲೀನರ್ ಹುಡುಗನ ಕೈಯಲ್ಲಿ. ಮಾತು ವಾಪಸ್ ಬರಲಿಲ್ಲ.

ಈ ಕಥೆ ನಮ್ಮ ಮನೆಯಲ್ಲಿ ಎಷ್ಟು ಸಲ ಬಂದಿದೆ ಎಂದರೆ, ಅದು ಶುರುವಾದರೆ ನಾನು ಫೋನ್ ಹಿಡಿದುಕೊಂಡು ಏಳುತ್ತಿದ್ದೆ. ಅವತ್ತು ಅವರು ಹೇಳಲಿಲ್ಲ. ಹೇಳಿದ್ದರೇ ವಾಸಿ ಇತ್ತು.

ರಾತ್ರಿ ಹತ್ತಕ್ಕೆ ಅಪ್ಪಯ್ಯನ ಕಣ್ಣಿಗೆ ಹನಿ ಹಾಕಿ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. 280 ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಟೈಮರ್ 300 ಆದರೆ 280ಕ್ಕೆ ಯಾಕೆ ಬೀಳಬೇಕು? ಕಂಪ್ಯೂಟರ್ ನಮ್ಮ ಹಾಗೆ "ಹತ್ತಿರತ್ತಿರ" ಎಂದು ಎಣಿಸುವುದಿಲ್ಲವಲ್ಲ.

ಮೊದಲು ಮಾಡಬೇಕಾಗಿದ್ದ ಕೆಲಸವನ್ನು ಆಗ ಮಾಡಿದೆ. ಅವಳ ಕೋಡ್ ಇಲ್ಲದ ಹಳೆಯ ಬಿಲ್ಡನ್ನು ಅದೇ ಯಂತ್ರಕ್ಕೆ ಹಾಕಿ ಓಡಿಸಿದೆ. ಹಳೆಯದು 10 ನಿಮಿಷ ಪಾಸಾಗಿದೆ ಎಂದು ನನ್ನ ಹತ್ತಿರ ವರದಿ ಇತ್ತು. ಆದರೆ ಆ ವರದಿ ತಿಂಗಳ ಹಿಂದಿನದ್ದು. ಮಳೆ ಹೊಯ್ಯುತ್ತಿತ್ತು. ನಾಲ್ಕು ನಿಮಿಷ ನಲವತ್ತು ಸೆಕೆಂಡ್ ಪರದೆ ನೋಡುತ್ತ ಕೂತೆ.

280ಕ್ಕೆ ಬಿತ್ತು.

ಆ ಕ್ಷಣದಲ್ಲಿ ಆದದ್ದು ಖುಷಿಯಲ್ಲ. ಹೊಟ್ಟೆಯಲ್ಲಿ ಏನೋ ಜಾರಿದ ಹಾಗೆ. ಅವಳ ಕೋಡ್ ಅಲ್ಲಿರಲೇ ಇಲ್ಲ.

ಆಮೇಲೆ ಕಾರ್ಡಿನ ಇನ್ನೊಂದು ಲೆಕ್ಕ ನೋಡಿದೆ: ಒಟ್ಟು ಬಂದದ್ದೆಷ್ಟು? ಅದನ್ನು ಬೆಳಿಗ್ಗೆ ಯಾಕೆ ನೋಡಿರಲಿಲ್ಲ ಎಂದರೆ, ನಮ್ಮ ಸಾಫ್ಟ್‌ವೇರ್‌ನಲ್ಲೇ 'ಸ್ವೀಕೃತ' ಎಂದೊಂದು ಸಂಖ್ಯೆ ಇದೆ, ಅದನ್ನೇ ನಂಬುವುದು ರೂಢಿ. ಆದರೆ ಆ ಸಂಖ್ಯೆ ಏರುವುದು ಫ್ಲೋ ಟೇಬಲ್ ದಾಟಿದ ಮೇಲೆ. ಅದು ಕಡಿಮೆ ಬಂದರೆ ಟೇಬಲ್ಲೇ ನುಂಗಿದೆ ಎಂದು ನಾನು ಓದಿಕೊಂಡಿದ್ದೆ. ಈಗ ಕಾರ್ಡನ್ನೇ ನೇರವಾಗಿ ಕೇಳಿದರೆ ಅದೂ ಅಷ್ಟೇ ಹೇಳಿತು, 285 ಕೋಟಿ. ಉಳಿದ 315 ಕೋಟಿ ನಮ್ಮ ಸರ್ವರಿನ ಬಾಗಿಲಿಗೇ ಬಂದಿರಲಿಲ್ಲ.

'ಕಳೆದದ್ದು ಸೊನ್ನೆ' ಎಂದು ಕಾರ್ಡ್ ಸುಳ್ಳು ಹೇಳಿರಲಿಲ್ಲ. ತನ್ನ ಕೈಗೆ ಬಂದದ್ದರಲ್ಲಿ ಕಳೆದದ್ದು ಸೊನ್ನೆ ಎಂದಿತ್ತು. ಬರದೇ ಇದ್ದದ್ದನ್ನು ಅದು ಎಣಿಸುವುದಾದರೂ ಹೇಗೆ? ಹೊಸಬರು ಸೇರಿದ ಮೊದಲ ವಾರ ನಾನು ಬೋರ್ಡಿನ ಮೇಲೆ ಬರೆದು ತೋರಿಸುವ ಪಾಠ ಇದು. ಅವಳಿಗೂ ತೋರಿಸಿದ್ದೆ.

ಕಳಿಸುವ ಯಂತ್ರದ ಕಾರ್ಡ್ 600 ಕೋಟಿ ಹೊರಬಿಟ್ಟಿದೆ ಎನ್ನುತ್ತದೆ. ಈಚೆಯ ಕಾರ್ಡ್ 285 ಬಂತು ಎನ್ನುತ್ತದೆ. ನಡುವೆ ಇರುವುದು ಒಂದು ಕೇಬಲ್. ತಾಮ್ರದ ತಂತಿಗೆ 280 ಸೆಕೆಂಡ್ ಆಯಿತು ಎಂದು ಗೊತ್ತಾಗುವುದಿಲ್ಲ. ಹಾಗಾದ್ರೆ ನಡುವೆ ಲೆಕ್ಕ ಗೊತ್ತಿರುವ ಯಾರೋ ಇದ್ದಾರೆ.

ತಳದ ಆ ಹನಿಗಳನ್ನು ಆಗ ಸರಿಯಾಗಿ ನೋಡಿದೆ. ಸೆಕೆಂಡಿಗೆ 1 ಲಕ್ಷ 48 ಸಾವಿರದ 800ರ ಆಸುಪಾಸು. ಈ ಅಂಕಿಯನ್ನು ನೀವೂ ಮೇಲೆ ಓದಿದ್ದೀರಿ. 10 ಗಿಗಾಬಿಟ್ ಕೇಬಲ್‌ನ ಪೂರ್ತಿ ಸಾಮರ್ಥ್ಯ 1 ಕೋಟಿ 48 ಲಕ್ಷದ 80 ಸಾವಿರ. ಇದು ಅದರ ಸರಿಯಾಗಿ ನೂರನೇ ಒಂದು ಪಾಲು. ನಾನು ಕಳಿಸುತ್ತಿದ್ದ 1 ಕೋಟಿಯ ನೂರನೇ ಪಾಲು ಅಲ್ಲ, ಕೇಬಲ್ಲಿನ ಸಾಮರ್ಥ್ಯದ್ದು. ಬಗ್ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದಿಲ್ಲ. ಶೇಕಡಾ 1 ಅಂತ ಯಾರೋ ಮನುಷ್ಯರು ಎಲ್ಲೋ ಟೈಪ್ ಮಾಡಿದ್ದಾರೆ.

ಎಲ್ಲಿ ಎಂದು ಯೋಚಿಸುತ್ತಿರುವಾಗ ಕರೆಂಟ್ ಹೋಯಿತು. ಇನ್ವರ್ಟರ್ ಕುಂಯ್ ಅಂದಿತು. ರೂಟರ್ ಮತ್ತೆ ಎದ್ದು ಕೂರುವ ಎರಡು ನಿಮಿಷದಲ್ಲಿ ನನಗೆ ನೆನಪಾಯಿತು. ನೆನಪಾದದ್ದು ನಾನೇ ಮಾಡಿದ ಒಂದು ಫೋನ್ ಕಾಲ್.

ಮೂರು ವಾರದ ಹಿಂದೆ ಲ್ಯಾಬನ್ನು ಒಂದು ಮಹಡಿಯಿಂದ ಇನ್ನೊಂದಕ್ಕೆ ಸಾಗಿಸಿದ್ದರು. ನಾನು ಊರಿಗೆ ಬರುವ ಬಸ್ಸಿನಲ್ಲಿದ್ದೆ. ಲ್ಯಾಬ್ ನೋಡಿಕೊಳ್ಳುವ ಅಣ್ಣ ಫೋನ್ ಮಾಡಿ, ಎರಡು ಸರ್ವರ್ ಈಗ ಬೇರೆ ಬೇರೆ ರ‍್ಯಾಕಿನಲ್ಲಿವೆ, ಒಂದು ಕೇಬಲ್ ಮುಟ್ಟುತ್ತೆ, ಇನ್ನೊಂದು ಮುಟ್ಟಲ್ಲ, ಉದ್ದ ಸಾಲ್ತಿಲ್ಲ ಅಂದರು. "ಹೇಗಾದ್ರೂ ಕನೆಕ್ಟ್ ಮಾಡಿ ಅಣ್ಣ" ಎಂದು ಫೋನಿಟ್ಟೆ. ಅವರು ಹೇಗಾದರೂ ಮಾಡಿದ್ದರು. ನಡುವೆ ಇದ್ದ ಲ್ಯಾಬಿನ ಸ್ವಿಚ್‌ಗೆ ಎರಡು ತುದಿಯನ್ನೂ ಸಿಕ್ಕಿಸಿದ್ದರು.

ಸ್ವಿಚ್ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳದಿದ್ದರೆ ಮುಂದಿನದ್ದು ಗೊತ್ತಾಗುವುದಿಲ್ಲ. ಒಬ್ಬ ಹೊಸ ಪೋಸ್ಟ್‌ಮನ್ ಅಂದುಕೊಳ್ಳಿ. ಯಾರ ಮನೆ ಎಲ್ಲಿ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನು ಕಲಿಯುವುದು ಜನ ಹಾಕುವ ಕಾಗದ ನೋಡಿ: ಈ ಬಾಗಿಲಿಂದ ಬಂದ ಕಾಗದದಲ್ಲಿ ಇಂಥವರ ಹೆಸರಿತ್ತು, ಅಂದರೆ ಅವರ ಮನೆ ಇದು. ಒಂದು ಮನೆಯವರು ಬಹಳ ಹೊತ್ತು ಏನೂ ಕಳಿಸದಿದ್ದರೆ ಅವರನ್ನು ಮರೆತುಬಿಡುತ್ತಾನೆ. ಎಷ್ಟು ಹೊತ್ತು? 300 ಸೆಕೆಂಡ್. ಐಇಇಇ 802.1ಡಿ ಮಾನದಂಡದಲ್ಲೇ ಇರುವ ಡಿಫಾಲ್ಟ್ ಅದು, ಎಷ್ಟೋ ಸ್ವಿಚ್‌ಗಳು ಹಾಗೇ ಬರುತ್ತವೆ. ಮರೆತ ಮೇಲೆ ಆ ಹೆಸರಿಗೆ ಕಾಗದ ಬಂದರೆ ಎಲ್ಲ ಬಾಗಿಲಿಗೂ ಒಂದೊಂದು ಪ್ರತಿ ಹಾಕುತ್ತಾನೆ. ಇದು ಅತಿಯಾದರೆ ಊರೇ ಕಾಗದದಲ್ಲಿ ಮುಳುಗುತ್ತದಲ್ಲ, ಅದಕ್ಕೆ ಕೆಲವು ಕಡೆ ಸ್ಟಾರ್ಮ್ ಕಂಟ್ರೋಲ್ ಎಂಬ ತಡೆ ಹಾಕಿರುತ್ತಾರೆ. ವಿಳಾಸ ಗೊತ್ತಿಲ್ಲದ್ದು ಇಂತಿಷ್ಟು ಶೇಕಡಾ ಮೀರಿದರೆ ಬಿಸಾಡು ಅಂತ.

ನಮ್ಮ ಪರೀಕ್ಷೆಯಲ್ಲಿ ಆ ಪೋರ್ಟ್ ಪ್ಯಾಕೆಟ್ ತೆಗೆದುಕೊಳ್ಳುತ್ತದೆ, ಒಂದನ್ನೂ ಕಳಿಸುವುದಿಲ್ಲ. ಕಳಿಸುವುದು ಇನ್ನೊಂದು ಪೋರ್ಟ್. ಆ ಕಡೆಯ ಕೇಬಲ್ ನೇರ ಇತ್ತು. ಸಾಫ್ಟ್‌ವೇರ್ ಶುರುವಾಗುವಾಗ "ನಾನಿಲ್ಲಿದ್ದೇನೆ" ಎಂದು ಒಂದೇ ಒಂದು ಎಆರ್‌ಪಿ ಸಂದೇಶ ಹೊರಡುತ್ತದೆ. ಅಲ್ಲಿಂದ ಸ್ವಿಚ್ಚಿನ ಗಡಿಯಾರ ಶುರು. ನಮ್ಮ ಸ್ಕ್ರಿಪ್ಟ್ 20 ಸೆಕೆಂಡ್ ಸುಮ್ಮನಿದ್ದು ಆಮೇಲೆ ಪ್ಯಾಕೆಟ್ ಬಿಡುತ್ತದೆ. 300ರಲ್ಲಿ 20 ಕಳೆದರೆ ಎಷ್ಟು?

ಮೂರು ಸಲ ನೋಡೀನಿ ಸರ್, ಮೂರೂ ಸಲ 280.

60 ಸೆಕೆಂಡಿನ ಪರೀಕ್ಷೆಗಳು ಪಾಸಾದದ್ದೂ ಇದಕ್ಕೇ. ಸ್ವಿಚ್ ಮರೆಯುವುದರೊಳಗೆ ಅವು ಮುಗಿಯುತ್ತಿದ್ದವು. ಆರ್‌ಎಫ್‌ಸಿ 2544ರಲ್ಲಿ, ಪರೀಕ್ಷೆಗೆ ಮುಂಚೆ ವಿಳಾಸ ಕಲಿಸುವ ಪ್ಯಾಕೆಟ್‌ಗಳನ್ನು ಕಳಿಸಿ ಎರಡು ಸೆಕೆಂಡ್ ಕಾಯಿರಿ ಎಂದು ಬರೆದೇ ಇದೆ. ಆ ಪುಟ ನಾನು ಓದಿದ್ದೇನೆ. ನಡುವೆ ಸ್ವಿಚ್ ಇದೆ ಎಂಬುದೇ ನೆನಪಿಲ್ಲದವನಿಗೆ ಓದಿ ಏನು ಪ್ರಯೋಜನ.

ಶನಿವಾರ ಬೆಳಿಗ್ಗೆ ಎಂಟಕ್ಕೇ ಲ್ಯಾಬಿನ ಅಣ್ಣನಿಗೆ ಫೋನ್ ಮಾಡಿದೆ. ಸ್ವಿಚ್ಚಿಗೆ ಲಾಗಿನ್ ಇರುವುದು ಅವರಿಗೆ ಮಾತ್ರ. ಆ ಪೋರ್ಟಿನ ಲೆಕ್ಕವನ್ನು ಸೊನ್ನೆ ಮಾಡಿಸಿ ಒಮ್ಮೆ ಓಡಿಸಿದೆವು. ಸ್ಟಾರ್ಮ್ ಕಂಟ್ರೋಲ್, ಮಿತಿ ಶೇಕಡಾ 1. ಬಿಸಾಡಿದ್ದು 315 ಕೋಟಿ ಚಿಲ್ಲರೆ. ಇಷ್ಟಾದರೂ ನನಗೆ ಸಾಲಲಿಲ್ಲ, ಒಮ್ಮೆ ಸುಟ್ಟುಕೊಂಡವನಲ್ಲವೇ. "ಅಣ್ಣ, ಮರೆಯುವ ಸಮಯವನ್ನ 300ರಿಂದ 60ಕ್ಕೆ ಇಳಿಸ್ತೀರಾ?" ಅಂದೆ. ಇಳಿಸಿದರು. 40ನೇ ಸೆಕೆಂಡಿಗೆ ಬಿತ್ತು. ಮತ್ತೆ 300ಕ್ಕೆ ಏರಿಸಿ, ನಮ್ಮ ಕಡೆಯಿಂದ ನಿಮಿಷಕ್ಕೊಂದು ಎಆರ್‌ಪಿ ಹೊರಡುವ ಹಾಗೆ ಮಾಡಿ, ಅವಳ ಹೊಸ ಬಿಲ್ಡನ್ನೇ ಹಾಕಿ ಓಡಿಸಿದೆ. 600 ಕೋಟಿ ಹೋಯಿತು. 600 ಕೋಟಿ ಬಂತು. ಒಂದೂ ಕಡಿಮೆಯಿಲ್ಲ.

ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಪ್ಪು ನನ್ನದು, ಸಾರಿ ಅಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ನಿನ್ನೆ ರಾತ್ರಿ ಮೂರ್ ಗಂಟೆತನಕ ಅದೇ ಕೋಡ್ ಓದೇನಿ ಸರ್. ಕಡೀಕ ನನಗ ನನ್ನ ಮ್ಯಾಲೇ ಡೌಟ್ ಬಂದಿತ್ತು."

ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಮತ್ತೊಮ್ಮೆ ಸಾರಿ ಅಂದೆ.

"ಇರ್ಲಿ ಬಿಡ್ರಿ. ಓದೂವಾಗ ಇನ್ನೊಂದು ತಪ್ಪು ಸಿಕ್ಕೈತಿ. ಆ 'ಸ್ವೀಕೃತ' ಕೌಂಟರ್ ಐತಲ್ರಿ, ಅದು ಫ್ಲೋ ಟೇಬಲ್ ಆದ್ಮೇಲೆ ಎಣಿಸ್ತೈತಿ. ಮೊದಲs ಎಣಿಸಬೇಕಿತ್ತು. ಯಾರು ಬರದಾರ ಅಂತ ನೋಡಿದೆ." ನಿಲ್ಲಿಸಿದಳು. "ನಿಮ್ಮ ಹೆಸರೈತಿ ಸರ್. ಎರಡು ವರ್ಷದ ಹಿಂದಿಂದು."

ನಕ್ಕೆ. ಅವಳೂ ನಕ್ಕಳು, ನನಗಿಂತ ಕಡಿಮೆ.

ಫೋನಿಟ್ಟು ಒಳಗೆ ಬಂದರೆ ಅಪ್ಪಯ್ಯ ಕುರ್ಚಿಯಲ್ಲಿ ಕಾಯುತ್ತಿದ್ದರು. ಹನಿ ಹಾಕುವ ಹೊತ್ತು ದಾಟಿತ್ತು. ತಲೆ ಹಿಂದಕ್ಕೆ ವಾಲಿಸಿ, ಕಣ್ಣು ತೆರೆದುಕೊಂಡೇ ಕೇಳಿದರು:

"ಸಿಕ್ತಾ?"

"ಸಿಕ್ತ್ ಅಪ್ಪಯ್ಯ. ಅದ್ರದ್ದ್ ತಪ್ಪಲ್ಲ. ನಂದೇ."

"ಅದಕ್ಕ್ ಹೇಳ್ದ್ಯಾ?"

"ಈಗ ಹೇಳ್ದೆ, ಫೋನಂಗೆ."

ಹನಿ ಬಿತ್ತು. ಕಣ್ಣು ಮುಚ್ಚಿಕೊಂಡರು.

"ಎಲ್ಲರ್ ಎದ್ರ್ ಹೇಳ್ದ್ಯಾ?"

ಗ್ರೂಪಿಗೆ ಹಾಕಲು ನಾನು ಅಷ್ಟರಲ್ಲೇ ಒಂದು ಮೆಸೇಜ್ ಬರೆದಿಟ್ಟಿದ್ದೆ. ಲ್ಯಾಬ್ ಸ್ಥಳಾಂತರದ ವೇಳೆ ಸ್ವಿಚ್ ಸಂರಚನೆಯಲ್ಲಿ ಉಂಟಾದ ಸಮಸ್ಯೆ ಪತ್ತೆಯಾಗಿದೆ, ಸರಿಪಡಿಸಲಾಗಿದೆ, ಬಿಡುಗಡೆ ಮುಂದುವರಿಸಬಹುದು. ಆಫೀಸಿನ ಇಂಗ್ಲಿಷಿನಲ್ಲಿ ಇದು ಇನ್ನೂ ಚೆನ್ನಾಗಿತ್ತು. ಎಲ್ಲ ವಿವರವೂ ಇತ್ತು. ನಾನು ಮಾತ್ರ ಇರಲಿಲ್ಲ. ಅವಳೂ ಇರಲಿಲ್ಲ. ಓದಿದವರಿಗೆ ಲ್ಯಾಬಿನ ಅಣ್ಣನೇ ಏನೋ ಎಡವಟ್ಟು ಮಾಡಿದ್ದಾರೆ ಅನ್ನಿಸುತ್ತಿತ್ತು. ಆ ಅಣ್ಣ ಮಾಡಿದ್ದು ನಾನು ಹೇಳಿದ ಕೆಲಸ.

ಅದನ್ನು ಅಳಿಸಿದೆ. ಹೊಸದು ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಫ್ಲೋ ಕೋಡಿನಲ್ಲಿ ತಪ್ಪಿಲ್ಲ. ಶುಕ್ರವಾರ ನಾನು ಬರೆದದ್ದು ತಪ್ಪು. ನಡುವೆ ಸ್ವಿಚ್ ಹಾಕಲು ಒಪ್ಪಿದ್ದು ನಾನೇ, ಮರೆತದ್ದೂ ನಾನೇ. ಹಳೆಯ ಬಿಲ್ಡ್ ಓಡಿಸಿ ನೋಡದೆ ಹೆಸರು ಹೇಳಿದೆ. 280 ಸೆಕೆಂಡ್ ಎಂಬ ಸುಳಿವನ್ನು ಕೊಟ್ಟವಳು ಅವಳು, ನಾನು ಕಾಲಿನಲ್ಲಿ ಅದನ್ನು ತಳ್ಳಿ ಹಾಕಿದೆ. ಕಳಿಸುವ ಗುಂಡಿ ಒತ್ತುವಾಗ ಬೆರಳು ಹಿಂಜರಿಯಿತು, ಸುಳ್ಳು ಹೇಳುವುದಿಲ್ಲ. ಮ್ಯಾನೇಜರ್ ಒಂದು ಹೆಬ್ಬೆರಳು ಹಾಕಿದರು. ಉಳಿದವರಲ್ಲಿ ಇಬ್ಬರು ನಗುವ ಮುಖ ಹಾಕಿದರು. ಅವಳು ಏನೂ ಹಾಕಲಿಲ್ಲ. ಸೋಮವಾರ ಬೆಳಿಗ್ಗೆ ಕೌಂಟರನ್ನು ಫ್ಲೋ ಟೇಬಲ್‌ಗಿಂತ ಮುಂದಕ್ಕೆ ತಂದ ಒಂದು ಬದಲಾವಣೆ ಕಳಿಸಿದಳು. ಪರಿಶೀಲಿಸಬೇಕಾದವರ ಜಾಗದಲ್ಲಿ ನನ್ನ ಹೆಸರು ಹಾಕಿದ್ದಳು. ನಾಲ್ಕು ಸಾಲಿನ ಕೋಡ್. ನಾಲ್ಕು ಸಲ ಓದಿ ಒಪ್ಪಿದೆ.

ಬಿಡುಗಡೆ ಆಯಿತು. ಆಗಸ್ಟ್‌ನಲ್ಲಿ ಅವಳ ಕೆಲಸವೂ ಕಾಯಂ ಆಯಿತು, ಅದರಲ್ಲಿ ನನ್ನ ಪಾತ್ರ ಏನಿಲ್ಲ. ಅಪ್ಪಯ್ಯ ಕಪ್ಪು ಕನ್ನಡಕ ತೆಗೆದು ಪೇಪರ್ ಓದಲು ಶುರು ಮಾಡಿದ್ದಾರೆ. ನನ್ನ ಮೀಟಿಂಗ್‌ಗಳಲ್ಲಿ ಈಗ ಅವರಿಗೆ ಆಸಕ್ತಿ ಇಲ್ಲ.

ಸ್ವಿಚ್ ಬಿಟ್ಟು ನೇರವಾಗಿ ಮುಟ್ಟುವ ಹಾಗೆ 5 ಮೀಟರಿನ ಒಂದು ಕೇಬಲ್ ಬೇಕು ಎಂದು ಅರ್ಜಿ ಹಾಕಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಅದು ಮೂರನೆಯವರ ಅಪ್ರೂವಲ್‌ಗೆ ಕಾಯುತ್ತಿದೆ. ಹೊರಟದ್ದಂತೂ ನಿಜ.